ಮುನ್ಸೂಚನೆಯಲ್ಲಿ ಕರಾವಳಿಗೆ ಗಾಳಿ-ಮಳೆ ಎಂದಿದ್ದರೆ ಸಕಲೇಶಪುರವೂ ತೋಯುತ್ತದೆ, ಹಾಸನ ಏಕೆ ಒಣಗಿರುತ್ತದೆ?

ನಡುವೆ ಪಶ್ಚಿಮ ಘಟ್ಟದ ಏರು ಇರುವುದರಿಂದ. ಅರಬ್ಬಿ ಸಮುದ್ರದಿಂದ ಬೀಸುವ ತೇವದ ಗಾಳಿ ಘಟ್ಟಕ್ಕೆ ಬಡಿದಾಗ ಮೇಲೇರದೆ ಗತಿಯಿಲ್ಲ. ಏರಿದಂತೆ ಅದು ಹಿಗ್ಗಿ, ಮೋಡ ಕಟ್ಟುವವರೆಗೂ ಪ್ರತಿ ನೂರು ಮೀಟರಿಗೆ ಸುಮಾರು 1 ಡಿಗ್ರಿಯಂತೆ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಅಷ್ಟು ನೀರಾವಿಯನ್ನು ಹೊರಲಾರದು. ಶಿರಾಡಿಯ ಇಳಿಜಾರಿನಲ್ಲೇ ಬಹುಪಾಲು ಸುರಿಸಿಬಿಡುತ್ತದೆ. ನೆತ್ತಿ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಮತ್ತೆ ಬಿಸಿಯಾಗಿ ಮೋಡ ಚದುರುತ್ತದೆ.

ಸೆಪ್ಟೆಂಬರಿನ ಉತ್ತರೆ ಮಳೆಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತರೆ ಇದು ಕಣ್ಣಿಗೇ ಕಾಣುತ್ತದೆ. ದೋಣಿಗಾಲಿನಲ್ಲಿ ಎಷ್ಟು ಬೇಗ ಆಡಿದರೂ ಸಾಲದ ವೈಪರ್, ಬಾಳ್ಳುಪೇಟೆ ದಾಟಿ ಆಲೂರು ಬರುವಷ್ಟರಲ್ಲಿ ಒಣ ಗಾಜಿನ ಮೇಲೆ ಕಿರ್ರೆಂದು ಎಳೆಯುತ್ತಿರುತ್ತದೆ. ಹಾಸನದಲ್ಲಿ ಗಾಳಿ ಮಾತ್ರ ಜೋರು, ಜೊತೆಗೊಂದಿಷ್ಟು ತುಂತುರು. ಅರಸೀಕೆರೆಗೆ ಅದೂ ಅನುಮಾನ.

ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಭಾಗ ಮಾಡಿದೆ. ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಲೆಕ್ಕಕ್ಕೆ ದಕ್ಷಿಣ ಒಳನಾಡು. ಮಳೆಯ ಸ್ವಭಾವದಲ್ಲಿ ಮಾತ್ರ ಕರಾವಳಿಯ ನೆಂಟರು. ಆದ್ದರಿಂದ ವಾರಾಂತ್ಯಕ್ಕೆ ಆ ಕಡೆ ಹೊರಟವರು ದಕ್ಷಿಣ ಕನ್ನಡದ ಮುನ್ಸೂಚನೆಯನ್ನೂ ನೋಡಿಕೊಳ್ಳಿ ಎನ್ನುತ್ತೇನೆ. ಅಲ್ಲಿ ‘ಭಾರಿ ಮಳೆ’ ಎಂದಿದ್ದರೆ 24 ಗಂಟೆಯಲ್ಲಿ 64.5 ಮಿಲಿಮೀಟರಿಗೂ ಹೆಚ್ಚು ಎಂದರ್ಥ. ಆ ಗಾಳಿಗೆ ಕೊಡೆ ನಿಲ್ಲದು, ರೇನ್‌ಕೋಟ್ ಇರಲಿ.