ಬಾಡಿಗೆ ಹಿಟಾಚಿಯಿಂದ ಕಾಲು ಹೋದರೆ ಹೊಣೆ ಯಾರದು?

ಪ್ರಶ್ನೆ: ನನ್ನ ತಮ್ಮನಿಗೆ ಮೂವತ್ತು ವರ್ಷ, ಕೆಂಪುಕಲ್ಲು ಕಟ್ಟುವ ಕೆಲಸ. 2025ರ ಮಾರ್ಚಿನಲ್ಲಿ ಕುಂಬಳೆ ಸಮೀಪ ವಾಣಿಜ್ಯ ಕಟ್ಟಡವೊಂದರ ತಡೆಗೋಡೆ ಕಟ್ಟುತ್ತಿದ್ದಾಗ, ಹಿಂದೆ ಮಣ್ಣು ತೆಗೆಯುತ್ತಿದ್ದ ಹಿಟಾಚಿ ತಿರುಗಿ ಬಕೆಟಿಗೂ ಗೋಡೆಗೂ ನಡುವೆ ಅವನ ಬಲಗಾಲು ಸಿಕ್ಕಿತು. ಮಂಗಳೂರಿನಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಮೇಸ್ತ್ರಿ ಗುತ್ತಿಗೆದಾರರನ್ನು ತೋರಿಸುತ್ತಾರೆ, ಗುತ್ತಿಗೆದಾರರು ಯಂತ್ರದ ಮಾಲೀಕರನ್ನು. ಮಾಲೀಕರು 'ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಾಯಿತು, ಇನ್ನು ನನ್ನದೇನಿಲ್ಲ' ಎನ್ನುತ್ತಾರೆ. ಗುತ್ತಿಗೆದಾರರು ಐವತ್ತು ಸಾವಿರ ಕೊಟ್ಟು, 'ಮುಂದೆ ಯಾವ ತಕರಾರೂ ಇಲ್ಲ' ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದಾರೆ.
— ಒಬ್ಬ ಅಕ್ಕ, ಪೆರ್ಲ

ಉತ್ತರ: ಮೊದಲು ಆ ಛಾಪಾ ಕಾಗದದ ಭಯ ಬಿಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡಿಸುವ ಒಪ್ಪಂದ 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅನೂರ್ಜಿತ. ಆಸ್ಪತ್ರೆಯಲ್ಲಿ ಮಲಗಿದವನಿಂದ ಹೀಗೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಅದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. (ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ನಿಮ್ಮ ತಮ್ಮನ ಅಪಘಾತ ಅದಕ್ಕೂ ಮೊದಲಿನದು, ಆದ್ದರಿಂದ ಹಳೆಯ ಕಾಯ್ದೆಯ ಮಾತು.)

ಯಂತ್ರ ಯಾರದು ಎಂಬುದನ್ನು ನಿಮ್ಮ ತಮ್ಮ ಇತ್ಯರ್ಥ ಮಾಡಬೇಕಾಗಿಲ್ಲ. ಕೆಲಸದ ವೇಳೆ, ಕೆಲಸದ ಕಾರಣದಿಂದ ಪೆಟ್ಟಾಗಿದೆ. ಅಷ್ಟು ಸಾಕು, ಯಾರ ತಪ್ಪು ಎಂದು ಸಾಬೀತುಪಡಿಸುವ ಅಗತ್ಯವಿಲ್ಲ. ಕೆಲಸಕ್ಕೆ ಕರೆದವರು ಮೇಸ್ತ್ರಿಯೇ ಆದರೂ, 12ನೇ ಸೆಕ್ಷನ್ ಪ್ರಕಾರ ಮುಖ್ಯ ಗುತ್ತಿಗೆದಾರರಿಂದಲೇ ಪರಿಹಾರ ಕೇಳಬಹುದು. ಅವರು ಆಮೇಲೆ ಮೇಸ್ತ್ರಿಯಿಂದಲೋ ಯಂತ್ರದ ಮಾಲೀಕರಿಂದಲೋ ವಸೂಲು ಮಾಡಿಕೊಳ್ಳಲಿ, ಅದು ಅವರವರ ವ್ಯವಹಾರ.

ಮಾಲೀಕರ ಮಾತೂ ಪೂರ್ತಿ ಸರಿಯಲ್ಲ. ಆಪರೇಟರಿಗೆ ಸಂಬಳ ಕೊಡುವವರು ಅವರೇ ಆಗಿದ್ದರೆ, ಅವನ ಅಜಾಗರೂಕತೆಯ ಹೊಣೆ ಬಾಡಿಗೆ ಚೀಟಿ ಹರಿದ ಮಾತ್ರಕ್ಕೆ ಕಳಚಿಕೊಳ್ಳುವುದಿಲ್ಲ. ಲಿವರ್ ಹೇಗೆ ಎಳೆಯಬೇಕೆಂದು ಹೇಳುವ ಅಧಿಕಾರ ಯಾರಿಗಿತ್ತು ಎಂಬುದೇ ಅಲ್ಲಿ ಮುಖ್ಯ. 'ಇಲ್ಲಿ ಅಗೆ' ಎಂದು ಗುತ್ತಿಗೆದಾರರು ಜಾಗ ತೋರಿಸಿದ್ದು ಸಾಲದು. ಆದರೆ ಪರಿಹಾರ ಕಾಯ್ದೆಯ ಅರ್ಜಿ ಮತ್ತು ಯಂತ್ರದ ವಿಮೆಯ ಆಧಾರದ ಮೋಟಾರು ವಾಹನ ಕಾಯ್ದೆಯ ಅರ್ಜಿ, ಎರಡನ್ನೂ ಹಾಕುವಂತಿಲ್ಲ. ಅರ್ಜಿಗೆ ಸಹಿ ಹಾಕುವ ಮೊದಲು ವಕೀಲರಿಗೆ ವಿಮೆಯ ಪ್ರತಿ ತೋರಿಸಿ.

ಮೊತ್ತದ ಮಾತು. ಸಿನೆಮಾ ಮಂದಿರದ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ: ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ನೂರಕ್ಕೆ ನೂರು. ಒಂದು ಕಾಲಿನಲ್ಲಿ ಅಟ್ಟಣಿಗೆ ಹತ್ತಿ ಕಲ್ಲು ಕಟ್ಟಲಾಗುವುದೇ? ಅದೇ ವಾದ ಮಂಡಿಸಿ. ಒಪ್ಪಿದರೆ ಲೆಕ್ಕ ಹೀಗೆ: ತಿಂಗಳ ವೇತನದ ಮಿತಿ 15,000 ರೂಪಾಯಿ; ಅದರ ಶೇಕಡಾ 60 ಎಂದರೆ 9,000; ಮೂವತ್ತರ ವಯಸ್ಸಿಗೆ ಕಾಯ್ದೆಯ ಪಟ್ಟಿ ಕೊಡುವ ಗುಣಕ 207.98; ಎರಡನ್ನೂ ಗುಣಿಸಿದರೆ ಒಟ್ಟು 18,71,820 ರೂಪಾಯಿ. ಆಸ್ಪತ್ರೆಯ ಖರ್ಚು ಬೇರೆ, ತಡವಾದದ್ದಕ್ಕೆ ಶೇಕಡಾ 12 ಬಡ್ಡಿ ಬೇರೆ. ಐವತ್ತು ಸಾವಿರ ಎಲ್ಲಿ, ಇದೆಲ್ಲಿ!

ಅಪಘಾತ ನಡೆದಲ್ಲಿ ಮಾತ್ರವಲ್ಲ, ಕಾರ್ಮಿಕ ವಾಸಿಸುವಲ್ಲಿ ಅಥವಾ ಕೆಲಸ ಕೊಟ್ಟವರ ನೋಂದಾಯಿತ ಕಚೇರಿ ಇರುವಲ್ಲಿ ಕೂಡ ಅರ್ಜಿ ಹಾಕಬಹುದು. ಗುತ್ತಿಗೆದಾರರ ಕಚೇರಿ ಗಡಿಯಾಚೆ ಇದೆಯೆಂದು ಯಾರೂ ನಿಮ್ಮನ್ನು ಅಲೆಸುವಂತಿಲ್ಲ. ಗಡುವು ಎರಡು ವರ್ಷ, ಅಂದರೆ 2027ರ ಮಾರ್ಚ್. ಅಲ್ಲಿಯವರೆಗೆ ಕಾಯಬೇಡಿ. ಯಂತ್ರ ಓಡಿದ ಗಂಟೆಗಳನ್ನು ಬರೆದಿಡುವ ಚೀಟಿಯಲ್ಲಿ ಆ ದಿನದ ಗುತ್ತಿಗೆದಾರರ ಸಹಿ ಇರುತ್ತದೆ. ಅದರ ಫೋಟೊ, ಎಫ್‌ಐಆರ್ ಪ್ರತಿ ಮತ್ತು ಆಸ್ಪತ್ರೆಯ ಬಿಲ್ಲುಗಳನ್ನು ಹಿಡಿದು ಕಾಸರಗೋಡಿನ ವಿದ್ಯಾನಗರದ ನ್ಯಾಯಾಲಯ ಸಂಕೀರ್ಣಕ್ಕೆ ಹೋಗಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ವಿಚಾರಿಸಿ. ಅಂಗವೈಕಲ್ಯವಿರುವವರಿಗೆ ವಕೀಲರನ್ನು ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ.