ಸಂಜೆ ಕ್ಯಾಶ್ 5,400 ರೂಪಾಯಿ ಕಡಿಮೆ ಬಂದರೆ

ಎಂಟ್ರಿಯಲ್ಲಿ ಅಂಕಿ ಅದಲುಬದಲಾಗಿರಬೇಕು. ಬ್ಯಾಂಕಿನ ಕ್ಯಾಶ್ ಕೌಂಟರ್ ಮುಚ್ಚುವಾಗ ಸಿಸ್ಟಮ್ ಲೆಕ್ಕಕ್ಕಿಂತ 5,400 ಕಡಿಮೆ, ಎಷ್ಟು ಸಲ ಎಣಿಸಿದರೂ ಅಷ್ಟೇ ಅಂದಿದ್ದೀರಿ. ಈ ಮೊತ್ತ ಒಂಬತ್ತರಿಂದ ಸರಿಯಾಗಿ ಭಾಗವಾಗುತ್ತದೆ. ಪಕ್ಕಪಕ್ಕದ ಎರಡು ಅಂಕಿ ತಿರುಗಿದರೆ ವ್ಯತ್ಯಾಸ ಯಾವಾಗಲೂ ಹೀಗೇ ಬರುತ್ತದೆ. 7,100 ಕೊಟ್ಟು 1,700 ಎಂದು ಹೊಡೆದಿದ್ದರೆ ಅಲ್ಲಿಗೆ 5,400 ಹೋಯಿತು.

ಹಾಗಾಗಿ ನೋಟು ಎಣಿಸಿದ್ದು ಸಾಕು, ವೋಚರ್ ಹಿಡಿಯಿರಿ. ಮೊದಲು ಪಾವತಿಯ ಚೀಟಿಗಳನ್ನು ಸಿಸ್ಟಮ್ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿ, ಆಮೇಲೆ ಜಮಾ ಚಲನ್. ನೂಕುನುಗ್ಗಲಿನ ಹೊತ್ತಿನವುಗಳ ಮೇಲೆ ಜಾಸ್ತಿ ಕಣ್ಣಿಡಿ, ತಪ್ಪು ಆಗುವುದು ಆಗಲೇ ಅಲ್ವಾ.

ಸಿಗಲಿಲ್ಲವಾ? ಅರ್ಧ ಮಾಡಿ 2,700 ಹುಡುಕಿ. ಆ ಮೊತ್ತದ ಪಾವತಿಯನ್ನು ಜಮಾ ಎಂದು ಹಾಕಿದ್ದರೂ ಇಷ್ಟೇ ಕಡಿಮೆ ಬೀಳುತ್ತದೆ.

ಎರಡೂ ಅಲ್ಲದಿದ್ದರೆ ಯಾರ ಕೈಗೋ ಜಾಸ್ತಿ ನೋಟು ಹೋಗಿರಬಹುದು, ಖಚಿತವಾಗಿ ಹೇಳಲಾಗದು. ದೊಡ್ಡ ಪಾವತಿಗಳ ಸಮಯ ಗುರುತು ಹಾಕಿಕೊಂಡು ಸಿಸಿಟಿವಿ ನೋಡಲು ಕೇಳಿ.

ಸುಮ್ನೆ ಸ್ವಂತ ಜೇಬಿನಿಂದ ತುಂಬಿಸಿ ಮುಚ್ಚಿಹಾಕಬೇಡಿ. ಮುಂದೆ ತಪ್ಪು ಎಂಟ್ರಿ ಸಿಕ್ಕಿದರೆ ಆ ದುಡ್ಡನ್ನು ನಿಮ್ಮದೆಂದು ತೋರಿಸುವುದೇ ಕಷ್ಟ. ಇವತ್ತೇ ಮ್ಯಾನೇಜರ್‌ಗೆ ಹೇಳಿ, ಕಡಿಮೆ ಬಂದಿದೆ ಎಂದೇ ಬರೆಸಿ.