ಯೂರಿಯಾ ಹಾಕಿದರೂ ಪೈರು ಹಸಿರಾಗಿಲ್ಲ, ಯಾಕೆ?

ಪ್ರಶ್ನೆ: ನಾಟಿ ಮಾಡಿ 25 ದಿನ ಆಯ್ತು ಸರ್. ಮೊಣಕಾಲ ಹತ್ತಿರ ನೀರು ನಿಂತಿದ್ದಾಗಲೇ ಮಧ್ಯಾಹ್ನ ಎಕರೆಗೆ ಒಂದು ಚೀಲ ಯೂರಿಯಾ ಎರಚಿದೆ. ಹತ್ತು ದಿನವಾದರೂ ಭತ್ತ ಹಳದಿಯಾಗೇ ಇದೆ. ಇನ್ನೊಂದು ಚೀಲ ಹಾಕಲಾ?
– ಮದ್ದೂರು ಕಡೆಯ ರೈತರು

ಉತ್ತರ: ತಡೆಯಿರಿ, ಚೀಲ ಬಿಚ್ಚಬೇಡಿ. ಮೊದಲು ಗದ್ದೆಗೆ ಇಳಿದು ಎಲೆ ನೋಡಿ. ಕೆಳಗಿನ ಹಳೇ ಎಲೆ ತುದಿಯಿಂದ ಒಂದೇ ಸಮ ಹಳದಿಯಾಗಿದ್ದರೆ ಸಾರಜನಕದ (ಯೂರಿಯಾದಿಂದ ಪೈರಿಗೆ ಸಿಗುವ ಪೋಷಕಾಂಶ) ಕೊರತೆ. ಎಲೆ ಮೇಲೆ ತುಕ್ಕು ಹಿಡಿದಂಥ ಕಂದು ಚುಕ್ಕೆ ಇದ್ದರೆ ಅದು ಸತುವಿನ ಕೊರತೆ ಇರಬಹುದು. ಅದಕ್ಕೆ ಜಿಂಕ್ ಸಲ್ಫೇಟ್ ಬೇಕು, ಯೂರಿಯಾ ಸುರಿದು ಪ್ರಯೋಜನ ಇಲ್ಲ.

ನಿಮ್ಮದು ಮೊದಲನೆಯದೇ ಇರಬೇಕು. ನಿಂತ ನೀರಿಗೆ ಬಿದ್ದ ಯೂರಿಯಾ ಕೆಲವೇ ದಿನದಲ್ಲಿ ಅಮೋನಿಯಾ ರೂಪಕ್ಕೆ ತಿರುಗುತ್ತದೆ. ಬಿಸಿಲೇರಿದಾಗ ಗದ್ದೆ ಪಾಚಿಯನ್ನು ಬಗ್ಗಿ ನೋಡಿದ್ದೀರಾ? ಸಣ್ಣ ಸಣ್ಣ ಗುಳ್ಳೆ ಏಳುತ್ತಿರುತ್ತವೆ. ಆ ಹೊತ್ತಿನಲ್ಲಿ ಪಾಚಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವುದರಿಂದ ನೀರಿನ ಕ್ಷಾರ ಗುಣ ಜಾಸ್ತಿಯಾಗುತ್ತದೆ. ಅಮೋನಿಯಾ ಅನಿಲವಾಗಿ ಗಾಳಿಗೆ ಹಾರುತ್ತದೆ. ನಿಮ್ಮ ಚೀಲದ ಒಂದು ಪಾಲು ಹೋಗಿದ್ದು ಹೀಗೆ. ಇನ್ನೊಂದು ಪಾಲು ಬದುವಿನ ಏಡಿ ಬಿಲದಲ್ಲಿ ಹರಿದು ಕೆಳಗಿನ ಗದ್ದೆ ಸೇರಿದ್ದರೂ ಆಶ್ಚರ್ಯವಿಲ್ಲ. ಪಕ್ಕದವರ ಪೈರು ಚೆನ್ನಾಗಿ ಹಸಿರಾಗಿದೆಯಾ, ಸುಮ್ನೆ ಒಮ್ಮೆ ನೋಡಿ ಬನ್ನಿ!

ಈಗ ಹೀಗೆ ಮಾಡಿ. ಬಿಲ ಮುಚ್ಚಿ, ಕಳೆ ಕೀಳಿಸಿ, ನೀರು ಬಸಿಯಿರಿ. ಮಣ್ಣು ಕೆಸರಾಗಿರಲಿ, ಬಿರುಕು ಬಿಡಬಾರದು. ಸಂಜೆ ಹೊತ್ತು, ಎಲೆ ಮೇಲೆ ನೀರಿಲ್ಲದಾಗ, ಎಕರೆಗೆ 20 ಕೆಜಿ ಯೂರಿಯಾ ಎರಚಿ. ಒಂದೆರಡು ದಿನ ಬಿಟ್ಟು ಎರಡು ಇಂಚು ನೀರು ಕೊಡಿ. ನಿಮ್ಮಲ್ಲಿ ನಾಲೆಗೆ ಕಟ್ಟು ನೀರು (ಕೆಲ ದಿನ ಬಿಟ್ಟು ಕೆಲ ದಿನ ನಿಲ್ಲಿಸುವ ಸರದಿ ನೀರು) ಅಲ್ವಾ, ನೀರು ಬರುವ ಹಿಂದಿನ ದಿನವೇ ಹಾಕಿದರೆ ಗೊಬ್ಬರ ನೀರಿನ ಜೊತೆ ಮಣ್ಣಿಗೆ ಇಳಿಯುತ್ತದೆ. ಗದ್ದೆಯನ್ನು ಪದೇ ಪದೇ ಪೂರ್ತಿ ಒಣಗಿಸಿ ನೀರು ತುಂಬಿಸುವುದೂ ತಪ್ಪು. ಒಣಗಿದಾಗ ಮಣ್ಣಿನಲ್ಲಿರುವ ಸಾರಜನಕ ನೈಟ್ರೇಟ್ ಆಗುತ್ತದೆ, ನೀರು ನಿಂತಾಗ ಅದೂ ಅನಿಲವಾಗಿ ಹೋಗುತ್ತದೆ.

ಲೆಕ್ಕವನ್ನೂ ಒಮ್ಮೆ ನೋಡಿ. ನಮ್ಮ ನೀರಾವರಿ ಭತ್ತಕ್ಕೆ ಶಿಫಾರಸು ಹೆಕ್ಟೇರಿಗೆ 100 ಕೆಜಿ ಸಾರಜನಕ, ಅಂದರೆ ಎಕರೆಗೆ 40. ನಾಟಿಗೆ ಮೊದಲು ಒಂದು ಚೀಲ ಡಿಎಪಿ ಗೊಬ್ಬರ ಹಾಕಿದ್ದರೆ ಅದರಲ್ಲೇ 9 ಕೆಜಿ ಸಾರಜನಕ ಬಂತು. ಇದನ್ನು ಬಹಳ ಜನ ಮರೆಯುತ್ತಾರೆ. 45 ಕೆಜಿ ಯೂರಿಯಾ ಚೀಲದಲ್ಲಿ ಇರುವ ಸಾರಜನಕ ಸುಮಾರು 21 ಕೆಜಿ. ಹಾಗಾಗಿ ಇಡೀ ಬೆಳೆಗೆ ಎಕರೆಗೆ ಒಂದೂವರೆ ಚೀಲ ಯೂರಿಯಾ ಸಾಕಿತ್ತು. ಕಳೆದುಹೋದದ್ದಕ್ಕೆ ಪೂರ್ತಿ ಚೀಲ ತುಂಬಿಕೊಡಲು ಹೋದರೆ ಬೆಂಕಿ ರೋಗ, ಕಂದು ಜಿಗಿಹುಳುಗಳನ್ನು ನೀವೇ ಕರೆದಂತೆ.

ಕೊನೇ ಕಂತು ಎಕರೆಗೆ 20 ಕೆಜಿ ಯೂರಿಯಾ. ಅದನ್ನು ದಿನ ಎಣಿಸಿ ಹಾಕಬೇಡಿ. ದಪ್ಪನೆಯ ತೆಂಡೆಯೊಂದನ್ನು (ಬುಡದಿಂದ ಒಡೆದ ಕವಲು) ಕಿತ್ತು ಬುಡದಿಂದ ಉದ್ದಕ್ಕೆ ಸೀಳಿ. ಒಳಗೆ ಒಂದೆರಡು ಮಿಲಿಮೀಟರಿನ ಬಿಳಿ ಮೊಳಕೆ ಕಂಡರೆ ತೆನೆ ಕಟ್ಟಲು ಶುರುವಾಗಿದೆ ಅಂತ ಅರ್ಥ. ಆಗ ಹಾಕಿ.